ದುಂಡಪ್ಪಣ್ಣಾ, ಚಹಾ ಆರೂದ್ರೊಳಗ

ಬ್ಯಾನರ್ ಆಮ್ಯಾಲ ಹಚ್ಚೀರಂತ.
ಮೊದಲ ಆ ಹುಡುಗನ ಹಲ್ಲು ತೋರಸ್ರಿ.
ದವಡಿ ನೋವಿಗೆ, ಮ್ಯಾಲಿನ ಸಾ ಹಿಡಿಯುಮುಂದ
ಬಾಯಿ ಸೊಟ್ಟ ಮಾಡ್ತಾನ;
ನೀವದನ್ನ ಭಾವ ಅಂತ ತಿಳದೀರಿ.

ನೂಲಿನ ಧಾರಣಿ ನಿಮಗ ಗೊತ್ತು,
ಮುರಿಗೆಪ್ಪಗ ಬೋರ್‌ವೆಲ್ಲಿನ ಆಳ ಗೊತ್ತು.
ದನಿಗೆ ಫೂಟಿನ ಲೆಕ್ಕಿಲ್ಲ.

ಬನಹಟ್ಟಿ ಮಗ್ಗದ ಖಟಖಟದ ಮ್ಯಾಲೆ
ಒದರಿ ಒದರಿ ಬೆಳೆದ ಗಂಟಲ ಅದು,
ಸುಮ್ಮನಿದ್ದ ಕೋಣ್ಯಾಗ ಅಂಜತೈತಿ.
ಕರೆಂಟ್ ಹೋದ ಒಂದಿನ
ನಿಂತ ಮಗ್ಗಗಳ ನಡುವ ಕುಂದ್ರಸ್ರಿ.
ಮೈಕ್ ಬ್ಯಾಡ. ಹತ್ತು ಮಂದಿ ಸಾಕು,
ಅದರಾಗ ಇಬ್ಬರು ಕೆಮ್ಮವರಿರಲಿ.

ತಬಲಾದ ರಾಜೇಸಾಬಗ ರೊಕ್ಕ ಮೊದಲ ಕೊಡ್ರಿ.
ಬರೇ ಶಾಲು ಹೊಚ್ಚಿ ಕಳಿಸಿದ್ರ
ತಾಳ ಮನಿತನಕ ಬೈಕೋತ ಹೋಗತೈತಿ.

ಹೆಂಗ ಗೊತ್ತಂತೀರಿ?
ತೇರದಾಳದ ಗೋದಾವರಿನ ಹಾಡಿಸಿ
ಎರಡ ಸಾವಿರ ಕ್ಯಾಸೆಟ್ ಮಾಡಿಸಿದಾಂವ ನಾನ.
ನಲವತ್ತು ಹೋದವು,
ಹನ್ನೊಂದು ಅವರವ್ವನ ಒಯ್ದಳು.
ಉಳಿದವುದರ ರೀಲು ಬಿಚ್ಚಿ, ಹಕ್ಕಿ ಹೆದರಸಾಕ,
ತಮ್ಮನ ದ್ರಾಕ್ಷಿ ಪಡದ ಮ್ಯಾಲೆ ಎಳದು ಕಟ್ಟಿದ್ನಿ.

ಗಾಳಿ ಬಿಟ್ಟಾಗ ಗುಂಯ್ ಅಂತಿತ್ತು.
ಆಕಿ ಒಮ್ಮೆ ಬಂದು, ಬದುವಿನ ಮ್ಯಾಲೆ
ಭಾಳ ಹೊತ್ತು ನಿಂತು ಕೇಳಿ,
"ಶ್ರುತಿ ಒಂಚೂರು ಇಳದೈತಿ, ಕಾಕಾ" ಅಂದ್ಲು.
ನಗಲಿಲ್ಲ.