ಹನ್ನೊಂದು ವಾರ

ತಿಂಗಳ ಮೊದಲ ಮಂಗಳವಾರ
ಮಾಜಿ ಸೈನಿಕರ ಆಸ್ಪತ್ರೆಗೆ ನಾವು ಹೋಗುವುದು
ಲಾಜರನ ಆಟೋದಲ್ಲಿ.
ವಿನೋಬನಗರದಲ್ಲಿ ನಾನು ಹತ್ತುವಷ್ಟರಲ್ಲಿ
ಗೋಪಾಳದ ಹಾಲಪ್ಪ ಆಗಲೇ ಒಳಗೆ ಕೂತು
ಬಿ.ಪಿ. ಮಾತ್ರೆಯ ಖಾಲಿ ಪಟ್ಟಿಯಲ್ಲಿ
ಗಾಳಿ ಬೀಸಿಕೊಳ್ಳುತ್ತಿರುತ್ತಾನೆ.

"ದಾಹಿನೇ ಮುಡ್!" ಅನ್ನುತ್ತಾನೆ ಲಾಜರ,
ಆಟೋ ಎಡಕ್ಕೆ ತಿರುಗುತ್ತದೆ.
ಮೂವರೂ ನಗುತ್ತೇವೆ, ತಿಂಗಳಿಗೊಮ್ಮೆ, ತಪ್ಪದೆ.

ಎಂಬತ್ತಾರು. ವೆಲಿಂಗ್ಟನ್ನಿನ ಚಳಿ.
ಹೊಳೆಹೊನ್ನೂರಿನ ಹುಡುಗನಿಗೆ ಹಿಂದಿ ಬಾರದು.
ಉಸ್ತಾದನ ಬಾಯಲ್ಲಿ ಎಡ ಯಾವುದು, ಬಲ ಯಾವುದು?
ಲಾಜರ ಪಾಠ ಹೇಳಿದ:
"ದಾಹಿನೇ ಅಂದ್ರೆ ಚೆಂಡು ಒದಿಯೋ ಕಾಲು ಕಣೋ, ಅಷ್ಟೆ."
ಹಾಲಪ್ಪನೋ ಎಡಗಾಲಿನ ಆಟಗಾರ.
ಮೂರು ವಾರ ಇಡೀ ಪ್ಲಟೂನು ಒಂದು ಕಡೆ,
ಇವನೊಬ್ಬ ಇನ್ನೊಂದು ಕಡೆ,
ಪಕ್ಕದವನ ಮೂಗಿಗೆ ಮೂಗು ತಾಗಿಸಿ.
ಪಕ್ಕದವ ನಾನು.

ಲಾಜರನ ಅಪ್ಪ ಭದ್ರಾವತಿಯಲ್ಲಿ ಕುಲುಮೆಯ ಮುಂದೆ.
ಪಾಳಿ ಮುಗಿಸಿ, ಮಸಿ ತೊಳೆಯದೆ,
ಎರಡನೇ ಹಾಫಿಗೆ ಮೈದಾನಕ್ಕೆ ಬರುತ್ತಿದ್ದನಂತೆ.
ಮೊದಲ ಹಾಫು ಮಗ ನೋಡಿಟ್ಟು ಹೇಳಬೇಕು;
ಒಂದು ಪಾಸು ಬಿಟ್ಟರೂ ತಲೆಗೆ ಮೊಟಕು.
ಹಾಗೆ ಪಳಗಿದ ನೆನಪು ಅದು.
ಉಸ್ತಾದನ ಮೀಸೆಯ ಒಂದು ತುದಿ ಗಿಡ್ಡ ಇದ್ದದ್ದು,
ಬ್ಯಾರಕ್ಕಿನ ನಲ್ಲಿ ಕುಯ್ಗುಟ್ಟುತ್ತಿದ್ದ ರಾಗ,
ಮಗ್ಗಿನ ಚಹಾದಲ್ಲಿ ಸೀಮೆಎಣ್ಣೆಯ ವಾಸನೆ,
ರೈಫಲ್ ತಲೆಮೇಲೆತ್ತಿ ಓಡಿದ್ದು ಎಷ್ಟು ಸುತ್ತು,
ಯಾರು ಕಾರಿಕೊಂಡರು, ಏನು ತಿಂದಿದ್ದರು
ಎಲ್ಲ ಅವನ ಬಳಿ ಇದೆ.

ನನ್ನ ಬಳಿ ಇಲ್ಲ.
ನನ್ನದು ಹದಿನೇಳು ವರ್ಷ, ಹಾಲಪ್ಪನದು ಇಪ್ಪತ್ತೆರಡು.
ಪೋಸ್ಟಿಂಗಿನ ಮೇಲೆ ಪೋಸ್ಟಿಂಗು ಬಿದ್ದು
ಟ್ರಂಕಿನ ತಳದ ಅಂಗಿಯ ಹಾಗೆ
ಮೊದಲಿನದು ನಜ್ಜುಗುಜ್ಜು.
ಅವನದು ಹನ್ನೊಂದೇ ವಾರ.
ಮೇಲೇನೂ ಬೀಳಲಿಲ್ಲ.
ಬೂಟಿನ ಮೂತಿಯ ಹಾಗೆ ಇವತ್ತಿಗೂ ಮಿಂಚುತ್ತದೆ.

ಆ ರಾತ್ರಿ ಫ್ರಾನ್ಸಿನ ಎದುರು ಅವನ ಬ್ರೆಜಿಲ್ಲು.
ದೀಪ ಆರಿದ್ದೇ ಗೋಡೆ ಹಾರಿದ,
ಕೂನೂರು ಬಜಾರಿನ ಚಹಾದಂಗಡಿಯ ಟಿವಿಗೆ.
"ಹಳದಿ ಅಂಗಿ ಬೂದಿ ಬಣ್ಣಕ್ಕೆ ಕಾಣ್ತಿತ್ತು ಮಾರಾಯ,
ಆದ್ರೂ ಹಳದಿ ಅಂತ ಗೊತ್ತಾಗ್ತಿತ್ತು."
ಆಟದ ನಡುವೆಯೇ ಒಂದು ಪೆನಾಲ್ಟಿ ಹೋಯಿತು,
ಕೊನೆಯ ಒದೆತಗಳಲ್ಲಿ ಇನ್ನೆರಡು.
ಒಂದು ಕಂಬಕ್ಕೆ ಬಡಿಯಿತು.
ಆ ಗದ್ದಲದಲ್ಲಿ ಯಾರಿಗೂ ಕೇಳಿಸಿರಲಾರದ ಆ ಸದ್ದನ್ನು
ನಾಲಿಗೆಯಲ್ಲಿ ಮಾಡಿ ತೋರಿಸುತ್ತಾನೆ: ಟಕ್.
ಸಿಗ್ನಲ್ಲಿನಲ್ಲಿ ನಿಂತವರು ತಿರುಗಿ ನೋಡುತ್ತಾರೆ.

ವಾಪಸು ಗೋಡೆಯ ತನಕ ಬಂದು ಕತೆ ನಿಲ್ಲುತ್ತದೆ.
"ಆಮೇಲಿಂದು ನಿಮಗೇ ಗೊತ್ತಲ್ಲ,"
ಹಾರ್ನು ಒತ್ತುತ್ತಾನೆ.

ಗೊತ್ತು.
ನಡುರಾತ್ರಿ ಟಾರ್ಚು ಬಂತು. ಗಿನ್ತಿ.
ಕಂಬಳಿಯೊಳಗಿಂದ ಒಬ್ಬೊಬ್ಬನ ನಂಬರು.
ನನ್ನದು ಹೇಳಿ, ದನಿ ಬದಲಿಸಿ, ಅವನದ್ದೂ ಹೇಳಬೇಕು,
ಸಂಜೆಯೇ ಮಾತಾಗಿತ್ತು, ಎರಡು ಬೀಡಿಗೆ.
ಬೀಡಿ ಸೇದಿಯೂ ಆಗಿತ್ತು.
ನನ್ನದು ಹೇಳಿದೆ.
ಇನ್ನೊಂದು ಗಂಟಲ ತನಕ ಬಂದು ಅಲ್ಲೇ ನಿಂತಿತು.
ಹಾಲಪ್ಪ ಆಚೆ ಮಗ್ಗುಲಿಗೆ ಹೊರಳಿದ್ದು ಕೇಳಿಸಿತು.

ದಕ್ಷ ಸೈನಿಕನಾಗುವ ಸಂಭವವಿಲ್ಲ
ಎಂದು ಟೈಪು ಮಾಡಿದ ಕಾಗದ. ಒಂದು ರೈಲು ಪಾಸು.

ಆಸ್ಪತ್ರೆಯಲ್ಲಿ ನಾವು ಕಾರ್ಡು ತೋರಿಸಿ ಒಳಗೆ,
ಅವನು ಗೇಟಿನಾಚೆ ಬೇವಿನ ನೆರಳಲ್ಲಿ.
"ಯಾವ ಮಂಡಿ, ಅಜ್ಜ?" ಡಾಕ್ಟರು ಹುಡುಗಿ ಕೇಳುತ್ತಾಳೆ.
"ಒದಿಯೋ ಕಾಲಿಂದು" ಅನ್ನುತ್ತಾನೆ ಹಾಲಪ್ಪ,
ಅವಳು ಬಲಗಾಲು ಮುಟ್ಟುತ್ತಾಳೆ.

ಕ್ಯಾಂಟೀನಿನ ರಮ್ಮು ಕೊಡಹೋದರೆ ಲಾಜರ ಬೇಡವೆನ್ನುತ್ತಾನೆ.
"ಪಾಲಿಶ್ ಡಬ್ಬಿ ಇದ್ರೆ ತಾ. ಕರೀದು."
ಹವಾಯಿ ಚಪ್ಪಲಿಯವನಿಗೆ ಅದು ಯಾಕೆಂದು
ನಾನು ಕೇಳಿಲ್ಲ.

ಬಾಡಿಗೆ ಮಾತ್ರ ಮೀಟರು ನೋಡಿಯೇ.
ಒಂದು ರೂಪಾಯಿ ಬಿಡುವುದಿಲ್ಲ,
ಒಂದು ರೂಪಾಯಿ ಹೆಚ್ಚಿಗೆ ಇಟ್ಟುಕೊಳ್ಳುವುದಿಲ್ಲ.
ಚಿಲ್ಲರೆ ಎಣಿಸುವುದು ಹಿಂದಿಯಲ್ಲಿ, ಗಟ್ಟಿಯಾಗಿ,
ಏಕ್, ದೋ, ತೀನ್,
ನಾನು ಅಂಗೈ ಚಾಚಿ ನಿಂತಿರುತ್ತೇನೆ.