ಕಲಂ ಏಳು

ಕಲಂ ಏಳು: ಸಂಶೋಧನಾ ಕೊಡುಗೆ, ವಿಭಾಗವಾರು.
ಒಂದು ವಿಭಾಗಕ್ಕೆ ಒಂದೇ ಸಾಲು, ಮೇಲಿನಿಂದ ಹಾಗೇ ಬಂದಿದೆ.
ನಾನು ಟೈಪು ಮಾಡುವವಳು. ನನಗೇನು, ಬರೆದುಕೊಟ್ಟರೆ ಬಡಿಯುತ್ತೇನೆ.

ಆದರೆ ನಾಲ್ವರೂ ತಂದುಕೊಟ್ಟದ್ದು ಒಂದೇ ಕಲ್ಲು.

ಅರಸೀಕೆರೆಯ ನಮ್ಮ ಕಾಲೇಜು, ಸೈಕಲ್ ಸ್ಟ್ಯಾಂಡಿನ ಹಿಂದೆ
ಸೊಂಟದವರೆಗೆ ಹೂತ ವೀರಗಲ್ಲು;
ಹುಡುಗರು ಅದರ ಮೇಲೆ ಕಾಲೂರಿ ಚೈನು ಹಾಕಿಕೊಳ್ಳುತ್ತಿದ್ದರು.

ಉಜ್ಜಿ ತೊಳೆದು ಓದೋಣವೆಂದರು ಚರಿತ್ರೆಯ ತಿಮ್ಮೇಶಪ್ಪ,
ತೆಂಗಿನ ನಾರಿನ ಬ್ರಷ್ಷು ಹಿಡಿದೇ ಬಂದಿದ್ದರು.
ಅಡ್ಡ ನಿಂತರು ಸಸ್ಯಶಾಸ್ತ್ರದ ವನಮಾಲಾ ಮೇಡಂ:
'ಮುಟ್ಟಬೇಡಿ. ಆ ಕಲ್ಲುಹೂವು ವರ್ಷಕ್ಕೆ ಬೆಳೆಯುವುದು
ಅಕ್ಕಿಕಾಳಿನ ದಪ್ಪದಷ್ಟೂ ಇಲ್ಲ. ಅದಕ್ಕೂ ವಯಸ್ಸಿದೆ, ಸರ್.'
ಎರಡು ತಿಂಗಳು ಸ್ಟಾಫ್‌ರೂಮಿನಲ್ಲಿ ಚಹಾ ಬೇರೆ ಬೇರೆ.

ಕೊನೆಗೆ ಭೌತಶಾಸ್ತ್ರದ ಫಯಾಜ್, ಕರೆಂಟು ಹೋದ ಸಂಜೆ,
ಟಾರ್ಚನ್ನು ಕಲ್ಲಿನ ಕೆನ್ನೆಗೆ ಓರೆಯಾಗಿ ಹಿಡಿದರು.
(ಸೆಲ್ಲು ಯಾರ ಲೆಕ್ಕಕ್ಕೆ ಅಂತ ಆಮೇಲೆ ನನ್ನನ್ನೇ ಕೇಳಿದರು.)
ನೆರಳೇ ಅಕ್ಷರವಾಗಿ ಎದ್ದಿತು.
ಕನ್ನಡದ ಚೆಲುವಯ್ಯ ಮಂಡಿಯೂರಿ, ತಡವರಿಸುತ್ತ, ಓದಿದರು:
'ತುಱುವಂ ಮಗುಳ್ಚಿ...' ದನ ಮರಳಿಸಿ, ಸತ್ತ.
ಆಮೇಲೆ ಹೆಸರು. 'ಮಾ', 'ಚ',
ಮುಂದಕ್ಕೆ ಬರೀ ಬೂದು ಹೂವು.

ತಿಮ್ಮೇಶಪ್ಪ ಬ್ರಷ್ಷನ್ನು ನೋಡಿದರು. ಜೇಬಿಗಿಟ್ಟರು.
ಹುಬ್ಬಳ್ಳಿ ಕಡೆಯ ಪ್ಯಾಸೆಂಜರ್ ಕೂಗಿ ಹೋಯಿತು.

ಯಾವ ವಿಭಾಗ ಎಂದು ಬಡಿಯಲಿ?
'ಇತರೆ'ಗೆ ಹಾಕಮ್ಮ, ಎಂದಿದ್ದಾರೆ ಪ್ರಿನ್ಸಿಪಾಲರು.
ಹಾಕಿದೆ: ಕೊಡುಗೆ, ಅರ್ಧ ಹೆಸರು.
ಕೆಳಗೆ ಷರಾ ಅಂತೊಂದು ಖಾಲಿ ಚೌಕ; ಅಲ್ಲಿ
'ಸೈಕಲ್ ಸ್ಟ್ಯಾಂಡನ್ನು ಎಡಕ್ಕೆ ಸರಿಸಲಾಗಿದೆ'
ಎಂದು ನಾನೇ ಸೇರಿಸಿದೆ.