ಹದಿನೇಳನೇ ಕೌದಿ

ಲೆಕ್ಕದ ಪುಸ್ತಕ ನನ್ನ ಕಡಿ ಇರ್ತದ,
ಏಳನೇತ್ತ ಪಾಸಾದಾಕಿ ನಾ ಒಬ್ಬಾಕೇ ಅಂತ.
ಪುಸ್ತಕ ಅಂದ್ರ ಖಮರುನ್ನಿಸಾಳ ಮಗನ ಹಳೇ ಗಣಿತದ ವಹಿ,
ಮುಂದಿನಿಂದ ಭಾಗಾಕಾರ,
ಹಿಂದಿನಿಂದ ನಮ್ಮ ಕೌದಿಗಳು.

ಬುಧವಾರ ಉಂಡು, ಮುಸುರಿ ತಿಕ್ಕಿ,
ನಾಗಿಂದ್ರಮ್ಮನ ಪಡಸಾಲ್ಯಾಗ ಕೂಡ್ತೀವಿ ಏಳು ಮಂದಿ.
ಲಾಡ್ಲೇಸಾಬನ ಮಶೀನಿನ ಬುಡಕಿನ ಚಿಂದಿ
ಸಿಮೆಂಟಿನ ಚೀಲ ತುಂಬಿ ಬರ್ತದ, ಪುಗಸಟ್ಟೆ:
ಸಾಲಿ ಹುಡುಗರ ನೀಲಿ, ಲಗ್ನದ ಜಂಪರಿನ ತೋಳು,
ಪೊಲೀಸರ ಖಾಕಿ ಒಂದು ಗೇಣು.
ಖಾಕಿ ಮಾತ್ರ ಘಮಲೀಬಾಯಿ ಹಚ್ಚಗೊಡೂದಿಲ್ಲ,
ಅದರ ಬುಡಕ ನಿದ್ದಿ ಹತ್ತೂದಿಲ್ಲ ಅಂತಾಳ.

ದೊಡ್ಡ ದವಾಖಾನಿ ಒಳಗ ಪೇಷಂಟಿಗೆ ಮಂಚ,
ಹೊರಗ ಪೇಷಂಟಿನ ಮಂದಿಗೆ ಶಹಾಬಾದಿ ಫರಸಿ.
ನಮ್ಮ ಕಲ್ಲು ನಮಗ ಗೊತ್ತು.
ಬ್ಯಾಸಗ್ಯಾಗ ಹಂಚು ಕಾದಂಗ ಕಾಯ್ತದ,
ಎಳ್ಳಮಾಸಿ ಬಂತಂದ್ರ
ಎಲುಬಿನಾಗಿನ ಕಾವು ಸೈತ ಕುಡೀತದ.
ನಾಗಿಂದ್ರಮ್ಮ ಅದರ ಮ್ಯಾಗ ಹನ್ನೊಂದು ರಾತ್ರಿ ಮಲಗಿದಾಕಿ,
ಗಂಡ ಒಳಗ, ಈಕಿ ಹೊರಗ,
ನಡುವ ಗಾಜಿನ ಬಾಗಿಲ.
ಗಂಡ ಬರಲಿಲ್ಲ.
ಈಕಿ ಬಂದು, ಅಂವನ ಧೋತರ ನಾಕು ಪದರ ಮಾಡಿ ಹಾಸಿ
ಸೂಜಿಗೆ ದಾರ ಪೋಣಸು ಅಂದಳು ನನಗ,
ಕಣ್ಣು ಕಾಣವಲ್ದು ಅಂತ.
ಅದು ಒಂದನೇ ಕೌದಿ.

ಕಡೀ ಮೂಲಿ ಹೊಲಿಯೂ ಮುಂದ
ಸಜ್ಜಿ ರೊಟ್ಟಿ ಚೂರು ಒಳಗಿಟ್ಟು ಬಾಯಿ ಮುಚ್ತೀವಿ.
ಹಸದ ಕೌದಿ ಮಲಗಿದವರ ನಿದ್ದಿ ತಿಂತದ ಅಂತ
ನಮ್ಮವ್ವ ಹೇಳ್ತಿದ್ದಳು, ಖಮರುನ್ನಿಸಾಳ ಅಮ್ಮೀನೂ.
ಇಲಿ ಬರ್ತಾವ ಅಂತಾಳ ನಾಗಿಂದ್ರಮ್ಮನ ಸೊಸಿ.
ಬರ್ಲಿ ಬಿಡು, ಅವಕ್ಕೂ ಥಂಡಿ.

ಹದಿನೇಳನೇದು ಅಫಜಲಪುರ ಕಡೀ ಒಬ್ಬ ಮುದುಕಗ ಕೊಟ್ಟಿದ್ವಿ.
ಮೊಮ್ಮಗಳು ಮ್ಯಾಲಿನ ಮಜಲಿನಾಗ ಇದ್ದಳು.
ಹೆಸರು ಅಂವ ಹೇಳಲಿಲ್ಲ, ನಾವು ಕೇಳಲಿಲ್ಲ.
ಹಳದಿ ಅಂಚು,
ನಡುವ ಚಂದಮ್ಮನ ಇಳಕಲ್ ಸೀರಿ ಸೆರಗು.

ಅದೇ ಕೌದಿ ಐತವಾರ
ಹಳೇ ಅರವಿ ಮಾರಾವನ ಗುಡ್ಡಿ ಮ್ಯಾಗ ಕೂತಿತ್ತು.
ಚಂದಮ್ಮ ಕಂಡಳು. ಸೆರಗೇ ಆಕಿನ್ನ ಮೊದಲ ಕಂಡಿರಬೇಕು.
ಎಷ್ಟಪ್ಪ?
ಎರಡನೂರಾ ಇಪ್ಪತ್ತು ಅಕ್ಕಾ, ಕೈ ಹೊಲಿಗಿ ಅದ.
ಕೈ ಯಾರದಂತ ಆಕಿ ಹೇಳಲಿಲ್ಲ.
ನೂರಾ ಎಂಬತ್ತಕ್ಕ ಚೌಕಾಸಿ ಮಾಡಿ ತಂದಳು.

ಆ ಬುಧವಾರ ಸೂಜಿ ನಡೀಲಿಲ್ಲ, ಬಾಯಿ ನಡದ್ವು.
ಇನ್ನ ಮ್ಯಾಗ ಹೆಸರು, ಊರು ಬರಸ್ಕೋರಿ.
ಆಧಾರಿನ ಝೆರಾಕ್ಸ್ ಇಸ್ಕೋರಿ.
ಕೊಡೂದೇ ಬ್ಯಾಡ, ದಿನದ ಬಾಡಗಿ ಹಚ್ಚರಿ.
ಮಾರ್ಕೊಂಡು ತಿಂದಾನ ನೋಡ್ರಿ, ಅಂದಳು ಘಮಲೀಬಾಯಿ,
ತಿಂದಾನ ಅಂದಾಕಿ ಅಲ್ಲೇ ಸುಮ್ಮನಾದಳು.

ನಾಗಿಂದ್ರಮ್ಮ ಕೌದಿಯ ಮೂಲಿ ಹಿಸುಕಿ ನೋಡ್ತಿದ್ದಳು.
ಒಂದು, ಎರಡು, ಮೂರು.
ನಾಕನೇ ಮೂಲಿ ಬಾಯಿ ಬಿಟ್ಟಿತ್ತು,
ಒಳಗ ರೊಟ್ಟಿ ಇರಲಿಲ್ಲ.
ಇಲಿ, ಅಂದಳು ಸೊಸಿ.
ಯಾರೂ ಹೂಂ ಅನಲಿಲ್ಲ.
ದಾರ ಕಡದಿರಲಿಲ್ಲ.
ಒಂದೊಂದೇ ಹೊಲಿಗಿ, ಬೆರಳಲೆ,
ಸಾವಕಾಶ ಬಿಚ್ಚಿದಂಗ ಇತ್ತು.

ಒಲಿ ಹಚ್ಚವಾ, ಅಂದಳು ನಾಗಿಂದ್ರಮ್ಮ ಸೊಸಿಗೆ.

ಈಗ ಕೌದಿ ಸಂಗಟ ಹತ್ತು ರೊಟ್ಟಿ ಕಟ್ತೀವಿ,
ಶೇಂಗಾದ ಹಿಂಡಿ, ಇದ್ದರ ಉಳ್ಳಾಗಡ್ಡಿ.
ಹದಿನೇಳನೇದಕ್ಕ ಮೂಲಿ ಹೊಲದು
ಮತ್ತ ಫರಸಿ ಮ್ಯಾಗ ಕಳಿಸಿದಿವಿ.
ಪುಸ್ತಕದಾಗ ಅದರ ಮುಂದ ನಾ ಬರದಿದ್ದೆ: ಮಾರಿದ್ದು.
ಏನು ಬರದಿ, ಓದು, ಅಂದಳು ನಾಗಿಂದ್ರಮ್ಮ. ಓದಿದೆ.
ಹೊಡದು ಹಾಕು.
ಹೊಡದು ಏನಂತ ಬರೀಲಿ?
ಮುಟ್ಟಿತು ಅಂತ ಬರಿ.

ಬರದೀನಿ.
ಬಾಜೂಕ, ಪೆನ್ಸಿಲ್‌ಲೆ,
ಚಂದಮ್ಮಗ ನೂರಾ ಎಂಬತ್ತು ಬಾಕಿ.
ಕೇಳಿದ್ರ ಆಕಿ, ಯಾವ ರೊಕ್ಕ, ಅಂತಾಳ.